ಸಾಫ್ಟ್‌ಬಾಲ್ ಬ್ಯಾಟಿನ ಹಿಡಿಗೆ ರಬ್ಬರ್ ಕೋನ್ ಹಾಕುವುದು ನಿಯಮಕ್ಕೆ ವಿರುದ್ಧವೇ?

ಪ್ರಶ್ನೆ – ಚಿಂಚವಡದ ಪಾಲಕಿ

ನನ್ನ ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದು, ಶಾಲೆಯ 17 ವರ್ಷದೊಳಗಿನ ಸಾಫ್ಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ಅವಳ ಅಂಗೈ ಚಿಕ್ಕದು. ಜೋರಾಗಿ ಬೀಸಿದಾಗ ಬ್ಯಾಟಿನ ಹಿಡಿಯ ಕೊನೆಯಲ್ಲಿರುವ ಉಬ್ಬು, ಅಂದರೆ ನಾಬ್, ಕಿರುಬೆರಳ ಬುಡಕ್ಕೆ ಒತ್ತಿ ಅಲ್ಲಿ ಗುಳ್ಳೆ ಏಳುತ್ತಿತ್ತು. ಅದಕ್ಕಾಗಿ ಆನ್‌ಲೈನಿನಲ್ಲಿ ಒಂದು ರಬ್ಬರ್ ಕೋನ್ ತರಿಸಿ, ಹಿಡಿಗೆ ತೊಡಿಸಿ, ಮೇಲೆ ಟೇಪು ಸುತ್ತಿಸಿದೆವು. ಹಿಡಿಯಿಂದ ನಾಬಿನವರೆಗೆ ಅದು ಕೊಳವೆಯ ಬಾಯಂತೆ ನಿಧಾನವಾಗಿ ಅಗಲವಾಗುತ್ತದೆ. ಮೂರು ತಿಂಗಳು ಅದರಲ್ಲಿಯೇ ಅಭ್ಯಾಸ ನಡೆಯಿತು, ಗುಳ್ಳೆಯೂ ಮಾಯವಾಯಿತು.

ಕಳೆದ ಶನಿವಾರದ ಪಂದ್ಯಕ್ಕೆ ಮುಂಚೆ ಅಂಪೈರ್ ಬ್ಯಾಟುಗಳನ್ನು ಪರಿಶೀಲಿಸುತ್ತಿದ್ದಾಗ, ಇವಳ ಬ್ಯಾಟಿನ ಬುಡವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, "ಹೇ ಚಾಲಣಾರ್ ನಾಹೀ" (ಇದು ನಡೆಯುವುದಿಲ್ಲ) ಎಂದು ಪಕ್ಕಕ್ಕಿಟ್ಟರು. ಗೆಳತಿಯ ಉದ್ದನೆಯ ಬ್ಯಾಟನ್ನು ಎರವಲು ಪಡೆದು ಆಡಿದ ಮಗಳು ಎರಡು ಸಲವೂ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಬಿದ್ದು ಔಟ್) ಆದಳು. ಕೋನ್ ಮಾರುವವರ ಪುಟದಲ್ಲಿ "ಪಂದ್ಯಕ್ಕೆ ಮಾನ್ಯ" ಎಂದೇ ಬರೆದಿದೆ, ಕೋಚ್ ಸಹ ಅದು ಗ್ರಿಪ್ ಮಾತ್ರ ಎನ್ನುತ್ತಾರೆ. ನಿಯಮದಲ್ಲಿ ನಿಜವಾಗಿ ಏನಿದೆ? ಕೋನ್ ಬೇಡವೆಂದಾದರೆ ಟೇಪನ್ನೇ ದಪ್ಪವಾಗಿ ಸುತ್ತಬಹುದೇ? ಸರದಿ ಕಾಯುವಾಗ ಬ್ಯಾಟಿಗೆ ತೂಕದ ಬಳೆ ತೊಡಿಸಿ ಬೀಸುವುದಕ್ಕೂ ಆಕ್ಷೇಪ ಬರುತ್ತದೆಯೇ?

ಉತ್ತರ – ಡೊಂಬಿವಲಿಯ ಹಳೆಯ ಅಂಪೈರ್

ಮೇಡಂ, ಆ ಅಂಪೈರ್ ಮಾಡಿದ್ದು ಸರಿ. ಹೇಳಬೇಕೆಂದರೆ ಅವರು ನಿಮ್ಮ ಮಗಳಿಗೆ ಉಪಕಾರವನ್ನೇ ಮಾಡಿದ್ದಾರೆ. ಏಕೆಂಬುದನ್ನು ಮುಂದೆ ಬರೆಯುತ್ತೇನೆ.

ಅಂತರರಾಷ್ಟ್ರೀಯ ಸಾಫ್ಟ್‌ಬಾಲ್ ನಿಯಮಾವಳಿ ಬ್ಯಾಟಿನ ಪ್ರತಿಯೊಂದು ಭಾಗಕ್ಕೂ ಅಳತೆ ಕೊಟ್ಟಿದೆ. ಉದ್ದ 34 ಇಂಚು, ಅಂದರೆ 86.4 ಸೆಂ.ಮೀ. ಮೀರುವಂತಿಲ್ಲ, ದಪ್ಪವಾದ ಕಡೆಯ ವ್ಯಾಸ ಎರಡೂಕಾಲು ಇಂಚು, ತೂಕ 38 ಔನ್ಸ್ ದಾಟುವಂತಿಲ್ಲ. ಹಿಡಿಯ ಮೇಲಿನ ಗ್ರಿಪ್ ಕನಿಷ್ಠ 10 ಇಂಚು ಉದ್ದವಿರಬೇಕು, ನಾಬಿನ ತುದಿಯಿಂದ 15 ಇಂಚಿನ ಆಚೆಗೆ ಹೋಗಬಾರದು. ನಾಬು ಹಿಡಿಯಿಂದ ಕನಿಷ್ಠ ಕಾಲು ಇಂಚು, ಅದೂ 90 ಡಿಗ್ರಿ ಕೋನದಲ್ಲಿ, ಹೊರಚಾಚಿರಬೇಕು. ಅದು ಅಚ್ಚಿನಲ್ಲಿ ಮೂಡಿದ್ದಿರಲಿ, ಬೆಸುಗೆ ಹಾಕಿದ್ದಿರಲಿ, ಬ್ಯಾಟಿಗೆ ಶಾಶ್ವತವಾಗಿ ಸೇರಿರಬೇಕು.

ನಿಮ್ಮ ವಿಷಯದ ತಿರುಳು ಈ 90 ಡಿಗ್ರಿಯಲ್ಲಿದೆ. ನಾಬ್ ಇರುವುದು ಅಂದಕ್ಕಲ್ಲ. ಬೆವರಿದ ಕೈಯಿಂದ ಬ್ಯಾಟು ಜಾರುವಾಗ ಕಿರುಬೆರಳಿಗೆ ತಡೆಯಾಗಿ ನಿಲ್ಲುವ ಮೆಟ್ಟಿಲು ಅದೊಂದೇ. ಕೋನ್ ಆ ಮೆಟ್ಟಿಲನ್ನು ಇಳಿಜಾರು ಮಾಡುತ್ತದೆ. ಅಂಪೈರ್ ಹೆಬ್ಬೆರಳಿನಿಂದ ಸವರಿ ನೋಡಿದ್ದು ಮೆಟ್ಟಿಲು ಉಳಿದಿದೆಯೇ ಎಂದು. ಮಹಿಳೆಯರ ಆಟದಲ್ಲಿ ಪಿಚರ್, ಅಂದರೆ ಚೆಂಡು ಎಸೆಯುವವಳು, ನಿಲ್ಲುವುದು 43 ಅಡಿ ದೂರದಲ್ಲಿ. ಅಲ್ಲಿಗೆ ಬ್ಯಾಟೇ ಹಾರಿ ಬಂದರೆ ಆ ಹುಡುಗಿಗೆ ಕೈ ಅಡ್ಡ ಹಿಡಿಯಲೂ ಸಮಯವಿರುವುದಿಲ್ಲ.

ಇದನ್ನು ಅಂಪೈರ್ ತಮ್ಮ ಊಹೆಯಿಂದ ನಿರ್ಧರಿಸಬೇಕಾಗಿಯೂ ಇಲ್ಲ. ಬದಲಾಯಿಸಿದ ಬ್ಯಾಟ್ ಎಂದರೇನು ಎಂದು ವಿವರಿಸುವ ಭಾಗದಲ್ಲಿ, ಲೋಹದ ಬ್ಯಾಟಿಗೆ ಮರದ ಹಿಡಿ ಕೂರಿಸುವುದು, ಒಳಗೆ ಏನನ್ನಾದರೂ ತುಂಬುವುದು ಮುಂತಾದವುಗಳ ಜೊತೆಯಲ್ಲಿಯೇ, ಕೋನ್ ಅಥವಾ ಬುಡದಲ್ಲಿ ಅಗಲವಾಗುವ ಗ್ರಿಪ್ ಜೋಡಿಸುವುದನ್ನೂ ಹೆಸರಿಸಿಯೇ ಹೇಳಿದೆ. ಒಂದು ಗ್ರಿಪ್ಪನ್ನು ತೆಗೆದು ಇನ್ನೊಂದು ಮಾನ್ಯ ಗ್ರಿಪ್ ಹಾಕುವುದು ಬದಲಾವಣೆಯಲ್ಲ ಎಂದೂ ಅಲ್ಲಿಯೇ ಇದೆ. ನಿಮ್ಮ ಕೋಚ್ ಈ ಎರಡನೆಯ ಮಾತನ್ನು ಮಾತ್ರ ನೆನಪಿಟ್ಟುಕೊಂಡಂತೆ ಕಾಣುತ್ತದೆ.

ಇನ್ನು ಉಪಕಾರದ ಮಾತು. ಅಳತೆ ಮೀರಿದ ಬ್ಯಾಟು, ಬಿರುಕು ಬಿಟ್ಟ ಬ್ಯಾಟು ಇವೆಲ್ಲ ಅಮಾನ್ಯ ಬ್ಯಾಟುಗಳು. ಅವುಗಳೊಂದಿಗೆ ಸಿಕ್ಕಿಬಿದ್ದರೆ ಬ್ಯಾಟರ್ ಔಟ್. ಬದಲಾಯಿಸಿದ ಬ್ಯಾಟಿಗೆ ಮಾತ್ರ ಶಿಕ್ಷೆ ಇನ್ನೂ ಕಠಿಣ: ಔಟ್ ಆಗುವುದಲ್ಲದೆ ಆಟಗಾರ್ತಿಯನ್ನು ಪಂದ್ಯದಿಂದಲೇ ಹೊರಗೆ ಕಳಿಸಲಾಗುತ್ತದೆ. ಪರಿಶೀಲನೆಯಲ್ಲಿ ತಪ್ಪಿಸಿಕೊಂಡ ಆ ಬ್ಯಾಟನ್ನು ಎದುರಾಳಿ ಕೋಚ್ ಮೂರನೆಯ ಇನ್ನಿಂಗ್ಸ್‌ನಲ್ಲಿ ತೋರಿಸಿಕೊಟ್ಟಿದ್ದರೆ, ನಿಮ್ಮ ಮಗಳು ಉಳಿದ ಪಂದ್ಯವನ್ನು ಬೇಲಿಯ ಹೊರಗೆ ನಿಂತು ನೋಡಬೇಕಾಗುತ್ತಿತ್ತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗುತ್ತಿತ್ತು.

ಉತ್ತರ – ಕೋಥರೂಡದ ಮೂರನೇ ಬೇಸ್

ಟೇಪಿನ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ಕಾಲೇಜು ತಂಡದಲ್ಲಿದ್ದಾಗ ಆ ಕೆಲಸ ಯಾವಾಗಲೂ ನನ್ನ ಪಾಲಿಗೇ ಬರುತ್ತಿತ್ತು. ಟೇಪು ಬಿಡದೆ ಸುರುಳಿಯಾಗಿ ಸಾಗಬೇಕು, ಎರಡು ಪದರ ಮೀರಬಾರದು. ಮೂರನೆಯ ಪದರ ಬಿದ್ದರೆ ಅದೂ ಬದಲಾಯಿಸಿದ ಬ್ಯಾಟಿನ ಲೆಕ್ಕಕ್ಕೇ ಸೇರುತ್ತದೆ, ಆದ್ದರಿಂದ "ಟೇಪನ್ನೇ ದಪ್ಪವಾಗಿ" ಎಂಬ ದಾರಿಯೂ ಮುಚ್ಚಿದೆ. ನುಣುಪಾದ ಪ್ಲಾಸ್ಟಿಕ್ ಟೇಪು, ಅಂದರೆ ಮನೆಯಲ್ಲಿ ವೈರಿಗೆ ಸುತ್ತುವಂಥದ್ದು, ಸಲ್ಲದು. ಕೈ ಜಾರದಿರಲು ರಾಳ ಹಚ್ಚಬಹುದು, ಆದರೆ ಗ್ರಿಪ್ಪಿನ ಮೇಲೆ ಮಾತ್ರ.

ನಾನು ಕಂಡಂತೆ ಗುಳ್ಳೆಗೆ ಮುಖ್ಯ ಕಾರಣ ನಾಬಲ್ಲ, ಅಂಗೈಯ ಆಳದಲ್ಲಿ ಬ್ಯಾಟನ್ನು ಬಿಗಿಯಾಗಿ ಹಿಡಿಯುವ ಅಭ್ಯಾಸ. ಬೆರಳುಗಳ ಬುಡದಲ್ಲಿ ಹಿಡಿಯಲು ಕಲಿಸಿ, ಕೆಳಗಿನ ಕೈಯನ್ನು ನಾಬಿನಿಂದ ಅರ್ಧ ಇಂಚು ಮೇಲಕ್ಕೆ ಸರಿಸಿ ನೋಡಿ. ಬ್ಯಾಟಿಂಗ್ ಗ್ಲೌಸ್ ಹಾಕುವುದಕ್ಕೂ ಅಡ್ಡಿಯಿಲ್ಲ.

ಆದರೆ ಅಂಪೈರ್ ಸರ್, ನನ್ನದೊಂದು ಸಂಶಯ. ಅಮೆರಿಕದ ಹುಡುಗರು ಇಂಥ ರಬ್ಬರ್ ತುಂಡುಗಳನ್ನು ಹಾಕಿಕೊಂಡು ಪಂದ್ಯ ಆಡುವ ವಿಡಿಯೋಗಳನ್ನು ನೋಡಿದ್ದೇನೆ. ಅವರಿಗೆ ಅವಕಾಶ ಹೇಗೆ?

ಉತ್ತರ – ಡೊಂಬಿವಲಿಯ ಹಳೆಯ ಅಂಪೈರ್

ಒಳ್ಳೆಯ ಸಂಶಯ. ನೀವು ನೋಡಿದ್ದು ಬಹುಶಃ ಬೇಸ್‌ಬಾಲ್. ಅಮೆರಿಕದ ಪ್ರೌಢಶಾಲಾ ಬೇಸ್‌ಬಾಲ್ ನಿಯಮಾವಳಿಯಲ್ಲಿ ಹಿಡಿಗೆ ಇಂಥ ಜೋಡಣೆಗಳನ್ನು ಹಾಕಲು ಅನುಮತಿಯಿದೆ. ಅಲ್ಲಿಯೂ ಒಂದು ಷರತ್ತು ಉಂಟು: ಹಿಡಿ ಮತ್ತು ನಾಬು ಒಂದೇ ಮಟ್ಟಕ್ಕೆ ಬರುವಷ್ಟು ತುಂಬಿಸಬಾರದು. ಮಾರಾಟದ ಪುಟದಲ್ಲಿ "ಪಂದ್ಯಕ್ಕೆ ಮಾನ್ಯ" ಎಂದಿದ್ದರೆ ಯಾವ ಆಟ, ಯಾರ ನಿಯಮ ಎಂದು ಕೇಳಬೇಕು. ಬೇಸ್‌ಬಾಲಿಗೆ ಸಲ್ಲುವ ಮಾತು ಸಾಫ್ಟ್‌ಬಾಲಿಗೆ ತಾನಾಗಿ ಸಲ್ಲುವುದಿಲ್ಲ. ಪುಣೆಯ ಮೈದಾನದಲ್ಲಿ ನಿಂತ ಅಂಪೈರಿಗೆ ಆ ಪುಟ ತೋರಿಸಿ ವಾದಿಸಿದರೆ ಮಾತು ಬೆಳೆಯುತ್ತದೆಯೇ ಹೊರತು ಬ್ಯಾಟು ಒಳಗೆ ಬರುವುದಿಲ್ಲ.

ತೂಕದ ಬಳೆಯ ವಿಷಯ ಉಳಿಯಿತು. ಸರದಿ ಕಾಯುವ ಆಟಗಾರ್ತಿ ಒಟ್ಟಿಗೆ ಎರಡು ಬ್ಯಾಟುಗಳವರೆಗೆ ಹಿಡಿದು ಬೀಸಬಹುದು. ಕಳಚಿ ತೆಗೆಯುವ ಬಿಡಿಭಾಗವನ್ನು ಬ್ಯಾಟಿಗೆ ತೊಡಿಸುವುದಾದರೆ ಅದಕ್ಕೆ ಅನುಮೋದನೆ ಇರಬೇಕು, ಶಾಲಾ ಕೂಟಗಳಲ್ಲಿ ಆ ಗೊಡವೆಯೇ ಬೇಡ. ಹಳೆಯ ಬಳೆ ಸಡಿಲವಾಗಿ ಬೀಸುವ ರಭಸಕ್ಕೆ ಡಗೌಟಿನತ್ತ (ಆಟಗಾರರು ಕೂರುವ ಜಾಗದತ್ತ) ಹಾರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೃಷ್ಟಕ್ಕೆ ಅಲ್ಲಿ ನೀರಿನ ಡಬ್ಬಿಗಳಷ್ಟೇ ಇದ್ದವು. ಎರಡು ಬ್ಯಾಟು ಸೇರಿಸಿ ಬೀಸಿದರೆ ಆ ಕೆಲಸ ಖರ್ಚಿಲ್ಲದೆ ಆಗುತ್ತದೆ.

ಪ್ರತಿಕ್ರಿಯೆ – ಚಿಂಚವಡದ ಪಾಲಕಿ

ಇಬ್ಬರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಬ್ಲೇಡಿನಿಂದ ಟೇಪು ಕತ್ತರಿಸಿ ಕೋನ್ ಬಿಚ್ಚಿದೆವು. ಅದರ ಕೆಳಗೆ ಅಂಗಡಿಯವರು ಸುತ್ತಿದ್ದ ಹಳೆಯ ಟೇಪು ಸಿಕ್ಕಿತು. ಬಿಡಿಸುತ್ತ ಎಣಿಸಿದರೆ ಮೂರು ಪದರ! ಕೋನ್ ಇಲ್ಲದಿದ್ದರೂ ನಾವು ತಪ್ಪಿನಲ್ಲಿಯೇ ಇದ್ದೆವು ಎಂದಾಯಿತು. ಎಲ್ಲವನ್ನೂ ತೆಗೆದು ಹೊಸ ಗ್ರಿಪ್ ಹಾಕಿ ಹೊಲಿಗೆಯ ಟೇಪಿನಿಂದ ಅಳೆದೆ: ಹನ್ನೊಂದು ಇಂಚು ಬಂದಿದೆ. ಇಂದು ಸಂಜೆ ಮಗಳು ಕೈಯನ್ನು ಅರ್ಧ ಇಂಚು ಮೇಲೆ ಹಿಡಿದು ಐವತ್ತು ಸಲ ಬೀಸಿದಳು. ಗುಳ್ಳೆ ಎದ್ದಿಲ್ಲ, ಆದರೆ ಬ್ಯಾಟಿನ ಬುಡ ಹಗುರವಾದಂತಾಗಿ ತುದಿ ಎಳೆಯುತ್ತಿದೆ ಎನ್ನುತ್ತಾಳೆ. ಅದಕ್ಕೇನು ಮಾಡಬೇಕು?

ಉತ್ತರ – ಕೋಥರೂಡದ ಮೂರನೇ ಬೇಸ್

ಕೋನಿನ ರಬ್ಬರ್ ಬುಡದಲ್ಲಿ ತೂಕ ಸೇರಿಸಿದ್ದರಿಂದ ತುದಿ ಹಗುರವೆನಿಸುತ್ತಿತ್ತು, ಈಗ ಅವಳಿಗೆ ಬ್ಯಾಟಿನ ನಿಜವಾದ ತೂಕ ಗೊತ್ತಾಗುತ್ತಿದೆ. ಒಂದು ವಾರ ಕಾಯಿರಿ. ಆಮೇಲೂ ಎಳೆದರೆ ಬುಡಕ್ಕೆ ಏನನ್ನೂ ಅಂಟಿಸಬೇಡಿ, ಒಂದು ಇಂಚು ಚಿಕ್ಕ ಬ್ಯಾಟನ್ನು ತಂಡದವರಿಂದ ಪಡೆದು ಬೀಸಿಸಿ ನೋಡಿ.