ಹೇಳಲಾರದ ಅತ್ತೆಯವರ ನೋವನ್ನು ಮೊಬೈಲ್ ಅಳೆಯಬಲ್ಲುದೇ?

ಪ್ರಶ್ನೆ (ಶಿಡ್ಲಘಟ್ಟದಿಂದ): ಡಾಕ್ಟರಿಗೆ ನಮಸ್ಕಾರ. ನಮ್ಮ ಅತ್ತೆಯವರಿಗೆ 78 ವರ್ಷ. ಬಿಸಿನೀರಿನಲ್ಲಿ ಕೈಯಿಟ್ಟು ರೇಷ್ಮೆ ನೂಲು ಬಿಚ್ಚಾಣಿಕೆ ಮಾಡಿಯೇ ಮಕ್ಕಳನ್ನು ಸಾಕಿದವರು. ಮರೆವಿನ ಕಾಯಿಲೆ ಹೆಚ್ಚಾದ ಮೇಲೆ, ನೋವಿದೆಯೇ ಎಂದು ಕೇಳಿದರೆ ಸುಮ್ಮನೆ ನಮ್ಮ ಮುಖ ನೋಡುತ್ತಾರೆ. ಆದರೆ ರವಿಕೆ ತೊಡಿಸುವಾಗ ಹುಬ್ಬು ಗಂಟಿಕ್ಕಿ ಕೈಯನ್ನು ಎದೆಗೆ ಅವುಚಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯೂ ಇದೆ. ಮುಖ ನೋಡಿ ನೋವನ್ನು ಅಳೆಯುವ ಕೃತಕ ಬುದ್ಧಿಮತ್ತೆಯ ಆ್ಯಪ್ ಇದೆಯಂತೆ. ಅದರ ಅಂಕ ನೋಡಿ ಮಾತ್ರೆ ಕೊಡಬಹುದೇ?

ಉತ್ತರ: ನಮಸ್ಕಾರ ಅಮ್ಮ. ಬಾಯಿಬಿಟ್ಟು ಹೇಳಲಾಗದವರಿಗೂ ನೋವಿರುತ್ತದೆ ಎಂಬುದನ್ನು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯ ಟಿಪ್ಪಣಿಯಲ್ಲೇ ಸ್ಪಷ್ಟಪಡಿಸಿದೆ. ನೀವು ಕಂಡದ್ದನ್ನು ಕಡೆಗಣಿಸಬೇಡಿ.

ಅಂಥ ಆ್ಯಪ್ ಇರುವುದು ನಿಜ. ಆಸ್ಟ್ರೇಲಿಯಾದ ಪೇನ್‌ಚೆಕ್‌ನಲ್ಲಿ ಫೋನಿನ ಕ್ಯಾಮೆರಾ ಹುಬ್ಬು ಇಳಿಯುವುದು, ಕಣ್ಣು ಕಿರಿದಾಗುವುದು, ಮೇಲ್ದುಟಿ ಏರುವುದು ಮುಂತಾದ ಸೂಕ್ಷ್ಮ ಚಲನೆಗಳನ್ನು ಗುರುತಿಸುತ್ತದೆ. ಆದರೆ ಒಟ್ಟು 42 ಅಂಶಗಳಲ್ಲಿ ಮುಖಕ್ಕೆ ಸಂಬಂಧಿಸಿದವು 9 ಮಾತ್ರ. ದನಿ, ಚಲನೆ, ವರ್ತನೆ ಮೊದಲಾದ ಉಳಿದವನ್ನೆಲ್ಲ ಆರೈಕೆ ಮಾಡುವವರೇ ನೋಡಿ ತುಂಬಬೇಕು. ಅಂದರೆ ಯಂತ್ರದ ಹಿಂದೆಯೂ ನಿಮ್ಮ ಕಣ್ಣೇ ಇದೆ. ಲಕ್ವ ಹೊಡೆದು ಒಂದು ಪಕ್ಕ ಸೋತ ಮುಖವನ್ನೋ, ಪಾರ್ಕಿನ್ಸನ್ ಕಾಯಿಲೆಯಿಂದ ಬಿಗಿದುಕೊಂಡ ಮುಖವನ್ನೋ ಇಂಥ ಯಂತ್ರ ತಪ್ಪಾಗಿ ಓದಬಹುದು. ನೋವು ಎಲ್ಲಿದೆ, ಏಕಿದೆ ಎಂಬುದನ್ನಂತೂ ಅಂಕ ಹೇಳುವುದಿಲ್ಲ. ಆದ್ದರಿಂದ ಅಂಕವೊಂದನ್ನೇ ನಂಬಿ ಮಾತ್ರೆ ಕೊಡಬೇಡಿ.

ಆ್ಯಪ್ ಇಲ್ಲದೆಯೂ ಅಳೆಯಬಹುದು. ಪೇನ್ಯಾಡ್ ಎಂಬ ಮಾಪಕದಲ್ಲಿ ಉಸಿರಾಟ, ನರಳಾಟ, ಮುಖಭಾವ, ಮೈಯ ಬಿಗಿತ, ಸಮಾಧಾನಪಡಿಸಿದರೆ ಶಾಂತರಾಗುತ್ತಾರೆಯೇ ಎಂಬ ಐದಕ್ಕೆ ತಲಾ 0ಯಿಂದ 2 ಅಂಕ. ಮಲಗಿರುವಾಗ ಒಮ್ಮೆ, ಬಟ್ಟೆ ಬದಲಿಸುವಾಗ ಒಮ್ಮೆ ನೋಡಿ ಐದು ದಿನ ಬರೆದಿಡಿ. ಅವರ ಇಂದಿನ ಅಂಕವನ್ನು ಅವರದೇ ನಿನ್ನೆಯ ಅಂಕದೊಂದಿಗೆ ಹೋಲಿಸುವುದು ಮುಖ್ಯ.

ಮರುಪ್ರಶ್ನೆ: ಐದು ದಿನ ಬರೆದೆ ಸರ್. ಮಲಗಿದಾಗ 1, ಎಡಗೈ ಎತ್ತಿದಾಗ ಮಾತ್ರ 6. ಬಲಗೈಗೆ ಏನೂ ಇಲ್ಲ. ಚಿಕಿತ್ಸೆಗೂ ಕೃತಕ ಬುದ್ಧಿಮತ್ತೆ ಬಂದಿದೆಯೇ?

ಉತ್ತರ: ಬಂದಿದೆ. 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ದೀರ್ಘಕಾಲದ ಬೆನ್ನುನೋವಿನ 278 ಮಂದಿಗೆ ಮನೋಚಿಕಿತ್ಸೆ ನೀಡುವಾಗ, ಯಾರಿಗೆ ಎಷ್ಟು ಹೊತ್ತಿನ ಸಲಹೆ ಬೇಕೆಂಬುದನ್ನು ಗಣಕವೇ ತೀರ್ಮಾನಿಸಿ, ಚಿಕಿತ್ಸಕರ ಸಮಯವನ್ನು ಬಹಳಷ್ಟು ಉಳಿಸಿತು. ಆದರೆ ಅದು ಮಾತುಕತೆಯ ಚಿಕಿತ್ಸೆ. ನಿಮ್ಮ ಅತ್ತೆಯವರಿಗೆ ಹೊಂದುವುದಿಲ್ಲ.

ನೀವು ಬರೆದ ಅಂಕಗಳು ಎಡಭುಜದತ್ತ ಬೆರಳು ತೋರಿಸುತ್ತಿವೆ. ಸಕ್ಕರೆ ಕಾಯಿಲೆಯವರಲ್ಲಿ ಭುಜ ಬಿಗಿದುಕೊಳ್ಳುವುದು ಹೆಚ್ಚು. ಬಿದ್ದು ಪೆಟ್ಟಾಗಿರುವ ಸಾಧ್ಯತೆಯನ್ನೂ ಪರೀಕ್ಷಿಸಬೇಕು. ಈ ವಾರವೇ ಮೂಳೆ ವೈದ್ಯರಿಗೆ ತೋರಿಸಿ, ಅಂಕ ಬರೆದಿಟ್ಟ ಪುಸ್ತಕವನ್ನೂ ಕೊಂಡೊಯ್ಯಿರಿ. ಅಲ್ಲಿಯವರೆಗೆ ರವಿಕೆ ತೊಡಿಸುವಾಗ ಎಡತೋಳನ್ನು ಮೊದಲು ಹಾಕಿ, ಬಿಚ್ಚುವಾಗ ಅದನ್ನು ಕೊನೆಗೆ ತೆಗೆಯಿರಿ.