‘ವೈಡ್‌ಬ್ಯಾಂಡ್ ಸ್ಪೀಚ್ ಕೋಡಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಮೊಬೈಲ್ ಕರೆಗಳ ಬಗ್ಗೆ ಒಂದು ಲೇಖನ ಬರೆಯಲು ಕೂತು ಮೂರು ಪದಗಳ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ವೈಡ್‌ಬ್ಯಾಂಡ್, ಸ್ಪೀಚ್, ಕೋಡಿಂಗ್. ಒಂದೊಂದಾಗಿ ಹೇಳುತ್ತೇನೆ, ಬಿಡಿಸಲು ಕೈ ಜೋಡಿಸಿ.

ಮೊದಲು ವಿಷಯ ಏನು ಅಂತ. ಹಳೆಯ ಫೋನ್ ಕರೆಯಲ್ಲಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿ ಮಾತ್ರ ದಾಟುತ್ತದೆ. ‘ಸ’ಕಾರದ ಸೀಟಿಯಂಥ ಸದ್ದು ಬಹುಪಾಲು ಇರುವುದೇ 4000 ಹರ್ಟ್ಸ್‌ನ ಮೇಲೆ. ಹಾಗಾಗಿ ‘ಶ’ ತಕ್ಕಮಟ್ಟಿಗೆ ಉಳಿಯುತ್ತದೆ, ‘ಸ’ ಸೊರಗುತ್ತದೆ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಹೇಳುವಾಗ ‘ಎಫ್ ಫಾರ್ ಫಾದರ್, ಎಸ್ ಫಾರ್ ಸಿಸ್ಟರ್’ ಅಂತ ನಾವೆಲ್ಲ ಕೂಗಿದ್ದು ಇದಕ್ಕೇ ಅಲ್ವಾ. ವೈಡ್‌ಬ್ಯಾಂಡ್‌ನಲ್ಲಿ ಈ ಕಿಂಡಿ 50ರಿಂದ 7000 ಹರ್ಟ್ಸ್‌ವರೆಗೆ ತೆರೆಯುತ್ತದೆ. ಈ ಅಗಲದ ಮಾತನ್ನು ಬಿಟ್‌ಗಳಾಗಿಸಿ ಕಳಿಸಲು (ಇದೇ ಕೋಡಿಂಗ್) ಮೊಬೈಲ್‌ಗಾಗಿ ಎಎಂಆರ್-ಡಬ್ಲ್ಯೂಬಿ ಎಂಬ ವಿಧಾನ 2001ರಲ್ಲಿ ಸಿದ್ಧವಾಯಿತು. ಮರುವರ್ಷ ಐಟಿಯು (ದೂರಸಂಪರ್ಕದ ಅಂತರರಾಷ್ಟ್ರೀಯ ಸಂಸ್ಥೆ) ಕೂಡ ಅದನ್ನು ಜಿ.722.2 ಎಂಬ ಹೆಸರಿನಲ್ಲಿ ಒಪ್ಪಿಕೊಂಡಿತು. ಫೋನಿನಲ್ಲಿ ‘ಎಚ್‌ಡಿ’ ಅಂತ ಬರುತ್ತದಲ್ಲ, ಸಾಮಾನ್ಯವಾಗಿ ಅದು ಈ ಬಗೆಯ ಕರೆಯ ಗುರುತು. (ಎಚ್.ಡಿ. ಅಂದರೆ ನಮ್ಮ ರಾಜ್ಯದಲ್ಲಿ ಬೇರೆಯೇ ನೆನಪಾಗುತ್ತದೆ, ಅದು ಬಿಡಿ.)

ಈಗ ‘ವೈಡ್‌ಬ್ಯಾಂಡ್’. ‘ಅಗಲಪಟ್ಟಿ’ ಅಂತ ಬರೆದೆ. ಕರಡು ಓದಿದ ಗೆಳೆಯ, ‘ಓ, ಬ್ರಾಡ್‌ಬ್ಯಾಂಡಾ? ನೆಟ್ ಸ್ಪೀಡ್ ಜಾಸ್ತಿನಾ?’ ಅಂದ. ಬ್ರಾಡ್ ಅಂದರೂ ಅಗಲ, ವೈಡ್ ಅಂದರೂ ಅಗಲ, ಅವನ ತಪ್ಪೇನಿಲ್ಲ. ಆದರೆ ಇಲ್ಲಿ ಅಗಲವಾಗಿರುವುದು ದನಿ, ದಾರಿಯಲ್ಲ. ಹಳೆಯ ಕಿರಿದಾದ ಕರೆಗಳ ವಿಧಾನವಾದ ಎಎಂಆರ್‌ನ ಅತಿ ಹೆಚ್ಚಿನ ದರ ಸೆಕೆಂಡಿಗೆ 12.2 ಕಿಲೋಬಿಟ್. ಎಎಂಆರ್-ಡಬ್ಲ್ಯೂಬಿಯ ಒಂಬತ್ತು ದರಗಳಲ್ಲಿ ಬಳಕೆಯಲ್ಲಿರುವ ಒಂದು ದರ 12.65. ದನಿ ಇಮ್ಮಡಿಗಿಂತ ಹಿಗ್ಗಿದೆ, ಬಿಟ್‌ಗಳು ಹೆಚ್ಚುಕಮ್ಮಿ ಅಷ್ಟೇ. ‘ಅಗಲ’ ಎಂಬ ಪದ ಓದುಗನನ್ನು ತಪ್ಪು ಕಡೆ ಕಳಿಸುತ್ತದೆ. ‘ಅಗಲಿಸಿದ ದನಿ’ ಅಂತ ತಿದ್ದಲು ಹೋಗಿ ಕೈತಪ್ಪಿ ‘ಅಗಲಿದ ದನಿ’ ಆಯಿತು. ಅದು ಶ್ರದ್ಧಾಂಜಲಿಗೆ ಸರಿ!

‘ತುಂಬುದನಿ’ ಚೆನ್ನಾಗಿ ಕೇಳುತ್ತದೆ. ಆದರೆ ಈ ಏಣಿಗೆ ನಾಲ್ಕು ಮೆಟ್ಟಿಲಿವೆ: ನ್ಯಾರೋಬ್ಯಾಂಡ್, ವೈಡ್‌ಬ್ಯಾಂಡ್, ಸೂಪರ್-ವೈಡ್‌ಬ್ಯಾಂಡ್, ಫುಲ್‌ಬ್ಯಾಂಡ್. 2014ರಲ್ಲಿ ಬಂದ ಇವಿಎಸ್ ಎಂಬ ವಿಧಾನ ನಾಲ್ಕನ್ನೂ ನಿಭಾಯಿಸುತ್ತದೆ. ‘ತುಂಬು’ ಎಂಬುದನ್ನು ಎರಡನೇ ಮೆಟ್ಟಿಲಿಗೇ ಖರ್ಚು ಮಾಡಿದರೆ ಕೊನೆಯದಕ್ಕೆ ಏನು ಉಳಿಯುತ್ತದೆ?

‘ಸ್ಪೀಚ್’ಗೆ ನನ್ನ ಓಟು ‘ಮಾತು’. ‘ಧ್ವನಿ’ ಅಂದರೆ ಸಾಹಿತ್ಯದವರು ಕಾವ್ಯದ ‘ಧ್ವನಿ’ ಸಿದ್ಧಾಂತ ಹೇಳಿದ ಆನಂದವರ್ಧನನ ಕಡೆ ಹೊರಡುತ್ತಾರೆ, ಉಳಿದವರು ಎಲ್ಲ ಬಗೆಯ ಸದ್ದನ್ನೂ ಅದರೊಳಗೆ ಸೇರಿಸುತ್ತಾರೆ. ಎಎಂಆರ್-ಡಬ್ಲ್ಯೂಬಿಯನ್ನು ಕಟ್ಟಿರುವುದೇ ಮನುಷ್ಯರ ಮಾತಿನ ಅಳತೆಗೆ. ಕರೆ ಕಾಯುವಾಗ ಹಾಕುವ ಹಾಡು ಕರ್ಕಶವಾಗಿ ಕೇಳುವುದು ಬಹುಮಟ್ಟಿಗೆ ಅದಕ್ಕೇ. ವೀಣೆಗೆ ಗಂಟಲಿಲ್ಲವಲ್ಲ.

ನಿಜವಾದ ತಲೆನೋವು ‘ಕೋಡಿಂಗ್’. ‘ಸಂಕೇತೀಕರಣ’ ಅಂದರೆ ಗುಟ್ಟಿನ ಲಿಪಿ ಅನ್ನಿಸುತ್ತದೆ, ಇಲ್ಲಿ ಗುಟ್ಟೇನೂ ಇಲ್ಲ. ‘ಅಡಕ’ ಅಂದರೆ ಬಟ್ಟೆಯನ್ನು ಒತ್ತಿ ಪೆಟ್ಟಿಗೆಗೆ ತುಂಬಿದ ಹಾಗೆ. ಅದೂ ಪೂರ್ತಿ ನಿಜವಲ್ಲ. ಲೆಕ್ಕ ನೋಡಿ. ಮಾತನ್ನು 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸುತ್ತಾರೆ. ವೈಡ್‌ಬ್ಯಾಂಡ್‌ನ ಒಂದು ತುಣುಕಿನಲ್ಲಿ ದನಿಯ ಏರಿಳಿತದ 320 ಅಳತೆಗಳಿರುತ್ತವೆ (ಸ್ಯಾಂಪಲ್ ಅನ್ನುತ್ತಾರೆ). 12.65ರ ದರದಲ್ಲಿ ಆ ತುಣುಕಿಗೆ ಸಿಗುವುದು ಬರೀ 253 ಬಿಟ್. ಅಂದರೆ ಒಂದು ಅಳತೆಗೆ ಒಂದು ಬಿಟ್ ಕೂಡ ಇಲ್ಲ! ಆದ್ದರಿಂದ ಅಳತೆಗಳನ್ನು ಕಳಿಸುವುದೇ ಇಲ್ಲ. ಬಾಯಿಯ ಆಕಾರ ಹೇಗಿತ್ತು, ಗಂಟಲಿನ ಮಿಡಿತ ಹೇಗಿತ್ತು, ಸದ್ದು ಎಷ್ಟು ಜೋರಿತ್ತು ಅಂತ ವಿವರ ಬರೆದು ಕಳಿಸುತ್ತಾರೆ. ಆ ಕಡೆಯ ಫೋನು ಅದನ್ನು ಓದಿ ಹೊಸದಾಗಿ ಉಲಿಯುತ್ತದೆ. ಸಂಗೀತದವರು ಸ್ವರಲಿಪಿ ನೋಡಿ ಹಾಡಿದ ಹಾಗೆ.

ಹಾಗಾದರೆ ‘ಮಾತುಲಿಪಿ’ ಅನ್ನಬಹುದೇ? ಈ ಕೆಲಸ ಮಾಡುವ ಕೋಡೆಕ್‌ಗೆ ‘ಕಟ್ಟುಬಿಚ್ಚು’ ಕೂಡ ಹೊಳೆಯಿತು: ಈ ಕಡೆ ಕಟ್ಟುವುದು, ಆ ಕಡೆ ಬಿಚ್ಚುವುದು. ‘ಮಾತು ಕಟ್ಟುವುದು’ ಅಂದಾಗ ಕಟ್ಟುಕತೆಯ ವಾಸನೆ ಬರುತ್ತದೆ. ಮೇಲಿನ ಲೆಕ್ಕ ನೋಡಿದರೆ ಅದೇನೂ ಪೂರ್ತಿ ಸುಳ್ಳಲ್ಲ ಅನ್ನಿ.

ಇನ್ನೊಂದು ಸಂಗತಿ. ನಾನೂ ಅಮ್ಮನೂ ಫೋನ್ ಬದಲಿಸಿದ ಮೇಲೆ ಮೊದಲ ಸಲ ಎಚ್‌ಡಿ ಕರೆ ಹೋದಾಗ ಅಮ್ಮ ಕೇಳಿದ್ದು, ‘ಏನೋ, ನೆಗಡಿ ಹೋಯ್ತಾ?’ ನನಗೆ ನೆಗಡಿಯೇ ಇರಲಿಲ್ಲ. ಗಂಟಲು ಕಟ್ಟಿದೆ, ಗಂಟಲು ಬಿಟ್ಟಿದೆ ಅನ್ನುತ್ತೇವಲ್ಲ, ಅವರ ಕಿವಿಗೆ ಎರಡು ಬಗೆಯ ಕರೆಗೂ ಅಷ್ಟೇ ವ್ಯತ್ಯಾಸ. ‘ಕಟ್ಟುದನಿ, ಬಿಡುದನಿ’ ಅಂತ ಜೋಡಿ ಮಾಡಿದರೆ? ತಾಂತ್ರಿಕ ಬರಹದಲ್ಲಿ ನಾಲ್ಕು ಮೆಟ್ಟಿಲಿಗೆ ಇದು ಸಾಲದು, ನಿಜ. ಫೋನ್ ಪರದೆಯ ಮೇಲೆ ‘ಎಚ್‌ಡಿ’ ಬದಲು ಹಾಕಲು ಸಾಕಾಗಬಹುದು.

ನನ್ನ ಪ್ರಶ್ನೆ ಎರಡು. ‘ಅಗಲ’ ಬಳಸದೆ ಆ ನಾಲ್ಕು ಮೆಟ್ಟಿಲಿಗೂ ಒಂದೇ ಬಳ್ಳಿಯ ಪದಗಳು ಹೊಳೆಯುತ್ತವೆಯೇ? ಮತ್ತೆ, ನಿಮ್ಮ ಕಡೆ ಫೋನಿನ ದನಿ ಮಂಕಾಗಿದ್ದಾಗ ಏನನ್ನುತ್ತಾರೆ? ಧಾರವಾಡ, ಕರಾವಳಿ, ಕಲಬುರಗಿ ಕಡೆಯವರು ಮನೆಯಲ್ಲಿ ಹಿರಿಯರನ್ನು ಒಮ್ಮೆ ಕೇಳಿ ತಿಳಿಸಿದರೆ ಉಪಕಾರ.