ಅಂಗವೈಕಲ್ಯದ ವಿವರವನ್ನು ಕಂಪನಿಗೆ ಕೊಡಬೇಕೇ? ಸಹಾಯ ಬೇಕು

ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿರುವ ನನಗೆ ಶ್ರವಣದೋಷವಿದ್ದು, ಅದು ಶೇ. 40ಕ್ಕಿಂತ ಹೆಚ್ಚೆಂದು ದೃಢೀಕರಿಸುವ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇದ್ದರೂ ಕಚೇರಿಯಲ್ಲಿ ಯಾರಿಗೂ ತಿಳಿಸಿಲ್ಲ. ಈಗ ಎಚ್‌ಆರ್ ವಿಭಾಗವು ಲಿಂಗ, ಜಾತಿವರ್ಗ, ಅಂಗವೈಕಲ್ಯಗಳ ವಿವರ ಕೇಳುವ ‘ಐಚ್ಛಿಕ’ ನಮೂನೆಯನ್ನು ಕಳುಹಿಸಿದೆ, ಅದರಲ್ಲಿ ಉದ್ಯೋಗಿ ಸಂಖ್ಯೆ ಮಾತ್ರ ಮೊದಲೇ ತುಂಬಿದೆ (ಐಚ್ಛಿಕವೆಂಬುದು ಎಷ್ಟರಮಟ್ಟಿಗೋ!).

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯನ್ನು ಓದಿ ನೋಡಿದೆ. ಅದರ 21ನೇ ಸೆಕ್ಷನ್ ಸಮಾನ ಅವಕಾಶ ನೀತಿಯನ್ನೂ, 22ನೆಯದು ಅಂಗವಿಕಲ ನೌಕರರ ದಾಖಲೆ ಇಡುವುದನ್ನೂ ಸಂಸ್ಥೆಯ ಹೊಣೆಯಾಗಿಸುತ್ತವೆಯೇ ಹೊರತು, ನೌಕರರೇ ಹೇಳಿಕೊಳ್ಳಬೇಕೆಂಬ ಮಾತು ನನಗೆ ಕಾಣಲಿಲ್ಲ. ಎಚ್‌ಆರ್‌ಗೆ ಬರೆದರೆ ‘ಮಾಹಿತಿ ಗೋಪ್ಯ’ ಎಂಬ ಒಂದೇ ಸಾಲಿನ ಉತ್ತರ ಬಂತು. ಆನ್‌ಲೈನ್ ಸಭೆಗಳಲ್ಲಿ ಮಾತನ್ನು ಪರದೆಯ ಮೇಲೆ ಅಕ್ಷರಗಳಲ್ಲಿ ತೋರಿಸುವ ಶೀರ್ಷಿಕೆ (ಕ್ಯಾಪ್ಷನ್) ಸೌಲಭ್ಯ ನನಗೆ ಬೇಕೇ ಬೇಕು, ಆದರೆ ಬಡ್ತಿಯ ಹೊತ್ತಿನಲ್ಲಿ ಮ್ಯಾನೇಜರ್‌ಗೆ ವಿಷಯ ತಿಳಿಯುವುದು ಬೇಡ.

ನಮೂನೆಯನ್ನು ಖಾಲಿ ಬಿಟ್ಟು, ಕಾರ್ಡ್ ತೋರಿಸದೆ, ಈ ಸೌಲಭ್ಯವನ್ನಷ್ಟೇ ಲಿಖಿತವಾಗಿ ಕೇಳಿ ಪಡೆದವರು ಇಲ್ಲಿದ್ದೀರಾ?